ಸಹಾಯ ಬೇಕು: ಸಣ್ಣ ಕರುಳಿನ ಉಬ್ಬಿದ ರಕ್ತನಾಳಕ್ಕೆ ಗ್ಲೂ ಹಾಕಿಸಿಕೊಂಡವರು ಇದ್ದೀರಾ?

ನಮಸ್ಕಾರ. ಅಪ್ಪನಿಗೆ ಲಿವರ್ ಸಿರೋಸಿಸ್ ಇದೆ. ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿತ್ತು. ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದಲ್ಲಿ ಏನೂ ಸಿಗಲಿಲ್ಲ, ಡುವೋಡಿನಮ್‌ನಲ್ಲಿ, ಅಂದರೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಉಬ್ಬಿದ ರಕ್ತನಾಳ ಒಡೆದಿತ್ತು. ಇದು ತೀರಾ ಅಪರೂಪವಂತೆ. ಅನ್ನನಾಳವಾದರೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಆದರೆ ಇಲ್ಲಿ ಕರುಳಿನ ಗೋಡೆ ತೆಳು, ರಕ್ತನಾಳ ದೊಡ್ಡದು, ಬ್ಯಾಂಡ್ ಉದುರಿದ ಮೇಲೆ ಮತ್ತೆ ರಕ್ತ ಬರುವ ಭಯ ಜಾಸ್ತಿ ಅಂತ ಡಾಕ್ಟರು ಸೈನೊಅಕ್ರಿಲೇಟ್ ಗ್ಲೂ (ರಕ್ತನಾಳದೊಳಗೆ ಗಟ್ಟಿಯಾಗಿ ಅದನ್ನು ಮುಚ್ಚುವ ಅಂಟು) ಚುಚ್ಚಿದರು. ಸದ್ಯ, ರಕ್ತ ನಿಂತಿದೆ.

ಮತ್ತೆ ಬಂದರೆ ಟಿಪ್ಸ್ (ಲಿವರ್ ಒಳಗೆ ಸ್ಟೆಂಟ್ ಹಾಕಿ ರಕ್ತಕ್ಕೆ ಬೇರೆ ದಾರಿ ಮಾಡಿ ಒತ್ತಡ ಇಳಿಸುವುದು) ಅಥವಾ ಬಿಆರ್‌ಟಿಒ (ರಕ್ತನಾಳದೊಳಗೆ ಬಲೂನ್ ಇಟ್ಟು, ಔಷಧಿ ಬಿಟ್ಟು ಉಬ್ಬಿದ ನಾಳ ಮುಚ್ಚುವುದು) ಮಾಡಬೇಕಾಗಬಹುದು ಅಂದಿದ್ದಾರೆ. ಟಿಪ್ಸ್ ಆದ ಮೇಲೆ ಕೆಲವರಿಗೆ ಮಂಕು, ಗೊಂದಲ ಶುರುವಾಗುತ್ತದೆ ಅಲ್ವಾ, ಅದೇ ನನಗೆ ದೊಡ್ಡ ಚಿಂತೆ. ಮನೆಯಲ್ಲಿ ಯಾರಿಗಾದರೂ ಹೀಗೆ ಗ್ಲೂ ಹಾಕಿಸಿದ್ದರೆ ದಯವಿಟ್ಟು ಹೇಳಿ: ಗ್ಲೂ ಒಂದರಲ್ಲೇ ಮುಗಿಯಿತಾ, ಮುಂದಿನ ಎಂಡೋಸ್ಕೋಪಿ ಯಾವಾಗ ಮಾಡಿದರು?