ಕೊನೆಯ ಆ ದೊಡ್ಡ ಸದ್ದು ಬೇಕಿತ್ತಾ?

ಪ್ರಶ್ನೆ
ನಿನ್ನೆ ರಾತ್ರಿ ಒಂದು ಹಾರರ್ ಕಿರುಚಿತ್ರ ನೋಡಿದೆ. ಕತೆ ಇಷ್ಟೇ. ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಫೋನಲ್ಲಿ ತಂಗಿ ಜೊತೆ ಮಾತಾಡುತ್ತಾ ಬಟ್ಟೆ ಮಡಚುತ್ತಿದ್ದಾಳೆ. ಅವಳ ಹಿಂದೆ ಒಂದು ಬೀರು. ಕ್ಯಾಮೆರಾ ಅವಳ ಕಡೆ ತಿರುಗಿದಾಗಲೆಲ್ಲ ಬೀರುವಿನ ಬಾಗಿಲು ಒಂಚೂರು ಜಾಸ್ತಿ ತೆರೆದಿರುತ್ತದೆ. ಅವಳು ಅದನ್ನು ನೋಡುವುದೇ ಇಲ್ಲ. ಮ್ಯೂಸಿಕ್ಕೂ ಇಲ್ಲ. ನನ್ನ ಅಂಗೈ ಬೆವೆತುಹೋಯಿತು. ಆದರೆ ಕೊನೆಗೆ ದಢಾರ್ ಅಂತ ಸದ್ದು, ಪರದೆ ತುಂಬಾ ಒಂದು ಬಿಳಿ ಮುಖ, ಅಲ್ಲಿಗೆ ಮುಗೀತು. ಬೆಚ್ಚಿಬಿದ್ದೆ ನಿಜ, ಆದರೆ ಅಲ್ಲಿವರೆಗೆ ಎದೆಯಲ್ಲಿ ಕೂತಿದ್ದ ಭಯ ಆ ಕ್ಷಣಕ್ಕೇ ಇಳಿದುಹೋಯಿತು. ಜೊತೆಗೆ ನೋಡಿದ ಗೆಳತಿಗೆ ಆ ಮುಖವೇ ಇಷ್ಟ, ಅದಿಲ್ಲದಿದ್ದರೆ ಕತೆ ಅರ್ಧಕ್ಕೆ ಬಿಟ್ಟ ಹಾಗಾಗುತ್ತಿತ್ತು ಅಂತಾಳೆ. ನಿಮಗೇನನ್ನಿಸಿತು?

ಉತ್ತರ
ನನಗೂ ಆ ಬಾಗಿಲೇ ಸಾಕಾಗಿತ್ತು. ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ ಬಾಂಬಿನ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಮೇಜಿನ ಕೆಳಗಿನ ಬಾಂಬು ಥಟ್ಟನೆ ಸಿಡಿದರೆ ನೋಡುವವನಿಗೆ 15 ಸೆಕೆಂಡಿನ ಆಶ್ಚರ್ಯ. ಬಾಂಬು ಇದೆ ಅಂತ ಮೊದಲೇ ತೋರಿಸಿದರೆ 15 ನಿಮಿಷದ ಸಸ್ಪೆನ್ಸ್. ಬೀರು ತೆರೆಯುತ್ತಿರುವುದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. "ತಿರುಗಿ ನೋಡೇ" ಅಂತ ಕೂಗಬೇಕು ಅನ್ನಿಸುತ್ತದೆ. ಮುಖ ಬಂದಮೇಲೆ ನಾವು ಬರೀ ನೋಡುವವರಾಗುತ್ತೇವೆ, ಅವಳ ಜೊತೆ ಇರುವುದಿಲ್ಲ.

ಉತ್ತರ
ಸೌಂಡ್ ಎಡಿಟಿಂಗ್ ಮಾಡುವವನಾಗಿ ಹೇಳುತ್ತೇನೆ. ಬೆಚ್ಚುವುದು ಬೇರೆ, ಹೆದರುವುದು ಬೇರೆ. ದೊಡ್ಡ ಸದ್ದಿಗೆ ಬೆಚ್ಚುವುದು ಮೈ ತಾನಾಗಿ ಮಾಡುವ ಕೆಲಸ. ಯೋಚನೆ ಶುರುವಾಗುವ ಮೊದಲೇ ಕಣ್ಣು ಮುಚ್ಚಿರುತ್ತದೆ, ಹಾಗಾಗಿ ಪಟಾಕಿ ಹೊಡೆದರೂ ಅದೇ ಆಗುತ್ತದೆ. ಅದಕ್ಕೆ ಕತೆಯೇ ಬೇಡ.

ಆದರೆ ಬೆಚ್ಚಿಸುವುದೇ ತಪ್ಪು ಅನ್ನಬೇಡಿ. 1942ರ ಹಾರರ್ ಸಿನಿಮಾ 'ಕ್ಯಾಟ್ ಪೀಪಲ್' ನೋಡಿ. ರಾತ್ರಿ ಹೆಂಗಸೊಬ್ಬಳು ಒಬ್ಬಳೇ ನಡೆದು ಹೋಗುತ್ತಿರುತ್ತಾಳೆ, ಹಿಂದೆ ಇನ್ನೊಬ್ಬರ ಹೆಜ್ಜೆ ಸದ್ದು, ಆಮೇಲೆ ಆ ಹೆಜ್ಜೆಯೂ ನಿಂತುಹೋಗುತ್ತದೆ, ಆಗ ಬುಸ್ಸೆಂದು ನುಗ್ಗಿ ಬರುವುದು ಬರೀ ಒಂದು ಬಸ್ಸು! ಜೀವ ಬಾಯಿಗೆ ಬರುತ್ತದೆ. ಹೆಜ್ಜೆ ನಿಂತಮೇಲೆ ಹಿಂದೆ ಇದ್ದದ್ದು ಏನು ಅಂತ ತೋರಿಸದ ಕಾರಣ ಭಯ ಮಾತ್ರ ಹಾಗೇ ಉಳಿಯುತ್ತದೆ. ನೀವು ನೋಡಿದ ಚಿತ್ರದಲ್ಲಿ ಸದ್ದು ಮತ್ತು ಮುಖ ಎರಡನ್ನೂ ಒಟ್ಟಿಗೆ ಸುರಿದಿದ್ದಾರೆ. ಅಷ್ಟು ಹೊತ್ತು ಜೋಪಾನವಾಗಿ ಇಟ್ಟುಕೊಂಡು ಬಂದ ಮೌನ ಅದು, ನಿಜವಾಗಲೂ ಬೇಜಾರಾಯಿತು.

ಉತ್ತರ
ನಾನು ನಿಮ್ಮ ಗೆಳತಿಯ ಪಕ್ಷ. ಮುಖ ತೋರಿಸಿದರೆ ಭಯ ಸತ್ತೇಹೋಗುತ್ತದೆ ಅನ್ನುವುದನ್ನು ಒಪ್ಪಲ್ಲ. 2013ರ 'ಲೈಟ್ಸ್ ಔಟ್' ಮೂರು ನಿಮಿಷವೂ ಇಲ್ಲದ ಕಿರುಚಿತ್ರ, ಕೊನೆಯಲ್ಲಿ ಮುಖ ತೋರಿಸುತ್ತಾರೆ, ಆದರೂ ಅದು ಎಷ್ಟು ಜನರ ನಿದ್ದೆ ಕೆಡಿಸಿತು. 2016ರಲ್ಲಿ ಅದೇ ನಿರ್ದೇಶಕರ ಕೈಯಲ್ಲಿ ಪೂರ್ತಿ ಸಿನಿಮಾನೂ ಆಯಿತು. ಆ ಕಿರುಚಿತ್ರದಲ್ಲಿ ಲೈಟು ಆರಿಸಿದರೆ ಆಕೃತಿ ಕಾಣುತ್ತದೆ, ಹಾಕಿದರೆ ಮಾಯ. ಬೆಳಕಿದ್ದರೆ ಬಚಾವ್ ಅಂದುಕೊಂಡಿರುತ್ತೇವೆ. ಕೊನೆಗೆ ಅದು ಬೆಳಕಿನಲ್ಲೇ ಬಂದು ನಿಂತು ತಾನೇ ದೀಪ ಆರಿಸುತ್ತದೆ. ಮುಖಕ್ಕಿಂತ ಆ ನಂಬಿಕೆ ಮುರಿದದ್ದು ಹೆದರಿಸುತ್ತದೆ, ಅಲ್ವಾ? ಬೀರುವಿನ ಕತೆಯಲ್ಲಿ ಮುಖ ಬಂತು, ಆದರೆ ಹೊಸದೇನನ್ನೂ ಹೇಳಲಿಲ್ಲ.

ಪ್ರಶ್ನೆ ಕೇಳಿದವರು
ಇದು ಗೆಳತಿಗೂ ಹಿಡಿಸಿತು. ಬೀರು ಪೂರ್ತಿ ತೆರೆದು ಒಳಗೆ ಏನೂ ಇಲ್ಲದೆ, ಫೋನಲ್ಲಿ ತಂಗಿ "ನಿನ್ನ ಹಿಂದೆ ಯಾರೇ ಉಸಿರಾಡ್ತಿರೋದು?" ಅಂತ ಕೇಳಿದ್ದರೆ ಹೇಗಿರುತ್ತಿತ್ತು ಅಂತ ಅವಳೇ ಕೇಳುತ್ತಿದ್ದಾಳೆ.

ಉತ್ತರ
ಅಯ್ಯೋ, ಅದನ್ನೇ ತೆಗೆಯಬೇಕಿತ್ತು! ಉಸಿರಿನ ಸದ್ದು ಮಾತ್ರ ನಮಗೂ ಕೇಳಿಸಬಾರದು, ತಂಗಿಗಷ್ಟೇ.