ವೃದ್ಧರ ಆರೈಕೆ ಕೇಂದ್ರದಾಗ ಹೊಸ ನರ್ಸ್: ರಾತ್ರಿ ಪಾಳಿ ಒಬ್ಬಾಕೆ ಹೆಂಗ ನಿಭಾಯಿಸಬೇಕು?

ಹೊಸ ಸಿಸ್ಟರ್, ಕಲಬುರಗಿ

ನಮಸ್ಕಾರ್ರೀ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಆದಮ್ಯಾಲ ಇಲ್ಲೇ ಒಂದು ವೃದ್ಧರ ಆರೈಕೆ ಕೇಂದ್ರಕ್ಕ ಸೇರೀನಿ. 26 ಮಂದಿ ಹಿರಿಯರು. ಅದ್ರಾಗ 9 ಮಂದಿ ಹಾಸಿಗಿ ಹಿಡದಾರ, ಮೂವರಿಗೆ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟಿಗೆ ಊಟ ಬಿಡೋ ನಳಿಗಿ) ಅದ, ಐವರಿಗೆ ಕ್ಯಾಥೆಟರ್ (ಮೂತ್ರದ ನಳಿಗಿ). ರಾತ್ರಿ 8ರಿಂದ ಮುಂಜಾನೆ 8ರ ತನಕ ನರ್ಸ್ ನಾ ಒಬ್ಬಾಕಿ, ಜೊತಿಗೆ ಇಬ್ಬರು ಆಯಾಗಳು. ಡಾಕ್ಟರ್ ಫೋನಿನಾಗ ಮಾತ್ರ ಸಿಗ್ತಾರ.

ಟ್ರೇನಿಂಗ್ ಎಲ್ಲಾ ದೊಡ್ಡ ಆಸ್ಪತ್ರಿ ವಾರ್ಡಿನಾಗ ಆಗಿದ್ದು. ಅಲ್ಲಿ ಪೇಷಂಟ್ ಬರ್ತಾರ, ಆರಾಮ ಆಗಿ ಹೋಗ್ತಾರ. ಇಲ್ಲಿ ದಿನಾ ಅದೇ ಮಂದಿ. ಯಾವ್ದು ವಯಸ್ಸಿಂದು, ಯಾವ್ದು ಹೊಸಾ ತೊಂದರಿ ಅಂತ ತಿಳೀವಲ್ದು. ರಾತ್ರಿ ಕೆಲಸ ಹೆಂಗ ಹೊಂದಿಸಬೇಕು? ಡಾಕ್ಟರಿಗೆ ಯಾವಾಗ ಫೋನ್ ಮಾಡಬೇಕು? ಆಯಾಗಳು ನಮ್ಮವ್ವನ ವಯಸ್ಸಿನವರು, ಹತ್ತ್ ಹತ್ತ್ ವರ್ಷದಿಂದ ಇಲ್ಲೇ ಅದಾರ. ಅವರಿಗೆ ಕೆಲಸ ಹೆಂಗ ಹೇಳಬೇಕು? ತಿಳದವರು ಬಿಡಿಸಿ ಹೇಳ್ರಿ.

ಇನ್‌ಚಾರ್ಜ್ ಸಿಸ್ಟರ್, ಬೀದರ್

ತಂಗಿ, ಮೊದಲನೇದು, ಚಾರ್ಜ್ ತಗೊಳ್ಳೋದು ಟೇಬಲ್ ಮುಂದ ಕುಂತು ಅಲ್ಲ. ಹಗಲು ಪಾಳಿ ಸಿಸ್ಟರನ್ನ ಕರ್ಕೊಂಡು ಹಾಸಿಗಿ ಹಾಸಿಗಿಗೆ ಹೋಗಬೇಕು. ರೈಲ್ಸ್ ಟ್ಯೂಬ್ ಮೂಗಿನ ಹತ್ರ ಎಷ್ಟು ಸೆಂಟಿಮೀಟರ್ ಗುರುತಿಗೆ ಅದ, ಬರ್ಕೊರಿ. ಬ್ಯಾಗಿನಾಗಿನ ಮೂತ್ರ ಅವರ ಕಡೆಯಿಂದಲೇ ಅಳತಿ ಮಾಡಿಸಿ, ಖಾಲಿ ಮಾಡಿಸ್ರಿ. ಇಲ್ಲಂದ್ರ ರಾತ್ರಿದು ಎಷ್ಟು, ಹಗಲಿಂದು ಎಷ್ಟು ಅಂತ ಮುಂಜಾನಿ ಯಾರಿಗೂ ಗೊತ್ತಾಗಂಗಿಲ್ಲ. ತಾಸಿಗೆ ಒಂದ್ ಕಿಲೋ ತೂಕಕ್ಕ ಅರ್ಧ ಎಂಎಲ್ ಮೂತ್ರದ ಲೆಕ್ಕ. 50 ಕಿಲೋ ಇದ್ದವರಿಗೆ 6 ತಾಸಿನಾಗ 150 ಎಂಎಲ್ ಆದ್ರೂ ಬರಬೇಕು. ಬರಲಿಲ್ಲಂದ್ರ ಮೊದಲು ಪೈಪ್ ನೋಡ್ರಿ, ತೊಡಿ ಕೆಳಗ ಸಿಕ್ಕಿರ್ತದ, ಇಲ್ಲಾ ಮಡಚಿರ್ತದ. ಅದು ಸರಿ ಇದ್ದು ಕಿಬ್ಬೊಟ್ಟಿ ಬಿಗಿ ಆಗಿದ್ರ ಕ್ಯಾಥೆಟರ್ ಕಟ್ಟ್ಯದ ಅಂತ ತಿಳೀರಿ. ಬ್ಯಾಗ್ ಯಾವತ್ತೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಖರೆ ನೆಲಕ್ಕ ತಾಗಬಾರದು.

ಎರಡನೇದು ಎಲ್ಲಕ್ಕಿಂತ ದೊಡ್ಡದು. ವಾರ್ಡಿನಾಗ ನಾರ್ಮಲ್ ಅಂದ್ರ ಪುಸ್ತಕದ ಲೆಕ್ಕ. ಇಲ್ಲಿ ನಾರ್ಮಲ್ ಅಂದ್ರ ಆ ಅಜ್ಜಂದು, ಆ ಅಮ್ಮಂದು. ಒಬ್ಬೊಬ್ಬರಿಗೆ ಒಂದ್ ಪುಟ ಮಾಡ್ರಿ. ದಿನಾ ಬಿಪಿ ಎಷ್ಟಿರ್ತದ, ಆಕ್ಸಿಜನ್ ಎಷ್ಟಿರ್ತದ, ಎಷ್ಟು ರೊಟ್ಟಿ ತಿಂತಾರ, ಹೆಸರಿಡಿದು ಕರೀತಾರೋ ಇಲ್ಲೋ, ಬಾತ್‌ರೂಮಿಗೆ ತಾವೇ ಹೋಗ್ತಾರೋ, ಇಷ್ಟು ಸಾಕು. ಎರಡು ರೊಟ್ಟಿ ತಿನ್ನೋರು ಅರ್ಧಕ್ಕ ಬಿಟ್ರ ಅದೇ ಮೊದಲನೇ ಸುದ್ದಿ. ನಿನ್ನಿ ಸರಿಯಾಗಿ ಮಾತಾಡಿದವರು ಇವತ್ತು ಅಡ್ಡಾದಿಡ್ಡಿ ಮಾತಾಡಿದ್ರ ‘ವಯಸ್ಸಾಗ್ಯದ’ ಅಂತ ಬಿಡಬ್ಯಾಡ್ರಿ. ಮರೆವಿನ ರೋಗ ತಿಂಗಳಗಟ್ಟಲೆ ಬೆಳೀತದ. ಒಂದೆರಡು ದಿನದಾಗ ಆದದ್ದಕ್ಕ ಕಾರಣ ಬ್ಯಾರೆ ಇರ್ತದ: ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರಿ ಇಳಿದದ್ದು, ಸೋಡಿಯಂ ಇಳಿದದ್ದು, ಮಲಬದ್ಧತೆ, ಹೊಸಾ ಗುಳಿಗಿ. ಹಿರಿಯರಿಗೆ ಸೋಂಕಿದ್ರೂ ಜ್ವರ ಬರ್ದೇ ಇರಬಹುದು, ಅದಕ್ಕ ಥರ್ಮಾಮೀಟರ್ ಒಂದನ್ನೇ ನಂಬಬಾರದು.

ಮಗ್ಗಲು ಬದಲಿಸೋದು 2 ತಾಸಿಗೊಮ್ಮೆ. ಒಬ್ಬರಿಗೆ 5 ನಿಮಿಷ ಹಿಡಿದ್ರೂ 9 ಮಂದಿಗೆ 45 ನಿಮಿಷ, ಅದಕ್ಕ ಸಮ ತಾಸಿಗೆ ಐದು ಮಂದಿ, ಬೆಸ ತಾಸಿಗೆ ನಾಲ್ಕು ಮಂದಿ ಅಂತ ಹಂಚ್ಕೊರಿ. ಪೂರಾ ಅಡ್ಡ ಮಲಗಿಸಬ್ಯಾಡ್ರಿ, ಸೊಂಟದ ಎಲುಬಿನ ಮ್ಯಾಲ ಭಾರ ಬೀಳ್ತದ. ಬೆನ್ನ ಹಿಂದ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದ್ರ ಸಾಕು. ಹಿಮ್ಮಡಿ ಎತ್ತಲಿಕ್ಕೆ ದಿಂಬು ಮೀನಖಂಡದ ಕೆಳಗ ಉದ್ದಕ್ಕ ಇಡಬೇಕು, ಹಿಮ್ಮಡಿ ಕೆಳಗ ಅಂಗೈ ಸಲೀಸಾಗಿ ಹಾಯಬೇಕು.

ಟಾರ್ಚ್ ಹಿಡಿದು ಬೆನ್ನಿನ ತುದಿ ನೋಡ್ರಿ. ಕೆಂಪು ಕಂಡಲ್ಲಿ ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಡ್ರಿ. ಬೆಳ್ಳಗಾಗಿ ಮತ್ತ ಕೆಂಪಾದ್ರ ರಕ್ತ ಓಡ್ಯಾಡ್ಲಿಕ್ಕತ್ತದ. ಬೆಳ್ಳಗಾಗದೇ ಹಂಗೇ ಉಳಿದ್ರ ಹಾಸಿಗಿಹುಣ್ಣು ಶುರು ಆಗ್ಯದ ಅಂತ ಅರ್ಥ. ನಮ್ಮ ಕಡಿ ಚರ್ಮ ಕಪ್ಪಿದ್ದವರಿಗೆ ಬಣ್ಣ ತಿಳಿಯಂಗಿಲ್ಲ. ಅಲ್ಲಿ ಕೈ ಇಟ್ಟು ನೋಡಬೇಕು, ಸುತ್ತಲಿನಕಿಂತ ಬಿಸಿ ಅದನೋ, ಗಟ್ಟಿ ಅದನೋ, ಮೆತ್ತಗ ಒಳಗ ಹೋಗ್ತದನೋ. ಆ ಜಾಗ ತಿಕ್ಕಬ್ಯಾಡ್ರಿ, ಎಣ್ಣಿ ಹಚ್ಚಿ ಮಾಲೀಶ್ ಅಂತೂ ಬ್ಯಾಡೇ ಬ್ಯಾಡ, ಒಳಗಿನ ಪದರ ಹರೀತದ. ಏರ್ ಬೆಡ್ ಇದ್ರ ಕರೆಂಟ್ ಹೋದಾಗ ಗಾಳಿ ಇಳೀತದ. ಪಂಪ್ ಇನ್ವರ್ಟರಿಗೆ ಕೊಟ್ಟದ್ದು ಹೌದೋ ಅಲ್ಲೋ ಅಂತ ಇವತ್ತೇ ನೋಡ್ರಿ. ಏರ್ ಬೆಡ್ ಅದ ಅಂತ ಮಗ್ಗಲು ಬದಲಿಸೋದು ಬಿಡೋರೂ ಅದಾರ. ಅದು ತಪ್ಪು.

ನರ್ಸಿಂಗ್ ಟ್ಯೂಟರ್, ಕಲಬುರಗಿ

ಔಷಧದ ವಿಷಯ ನಾನು ಬರೆಯುತ್ತೇನೆ, ಹೊಸಬರ ಕೈಯಲ್ಲಿ ಹೆಚ್ಚು ಅಪಾಯ ಆಗುವುದು ಅಲ್ಲೇ.

ಇನ್ಸುಲಿನ್ ವಯಲ್ ಸಾಮಾನ್ಯವಾಗಿ ಯು-40 (ಒಂದು ಎಂಎಲ್‌ಗೆ 40 ಯೂನಿಟ್) ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಯು-100ಕ್ಕೆ (ಎಂಎಲ್‌ಗೆ 100 ಯೂನಿಟ್) ಕಿತ್ತಳೆ ಮುಚ್ಚಳದ್ದು. ಮನೆಯವರು ತಂದುಕೊಡುವ ಕೇಂದ್ರಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಸೇರಿರುತ್ತವೆ. ಯು-100 ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ನಸುಕಿನಲ್ಲಿ ಮೈಯೆಲ್ಲ ಬೆವೆತು ತಣ್ಣಗಾಗಿ, ಕರೆದರೆ ಓಗೊಡದೆ ಮಲಗಿರುತ್ತಾರೆ, ನಿದ್ದೆ ಅಂದುಕೊಂಡು ಬಿಟ್ಟುಬಿಡುತ್ತೇವೆ. ಪ್ರತಿ ಸಲ ಬಾಟಲಿ ಮೇಲಿನ ಅಂಕಿ ಮತ್ತು ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದಿ.

ಸಕ್ಕರೆ 70ಕ್ಕಿಂತ ಕೆಳಗೆ ಇದ್ದು ಎಚ್ಚರ ಇದ್ದರೆ, ನುಂಗಲು ಬರುತ್ತಿದ್ದರೆ, ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಒಂದು ಹನಿಯೂ ಹಾಕಬಾರದು. ಅಂಥ ಹೊತ್ತಿಗೆ 25% ಡೆಕ್ಸ್‌ಟ್ರೋಸ್ 100 ಎಂಎಲ್ ಶಿರೆಗೆ ಕೊಡಲು ಡಾಕ್ಟರಿಂದ ಮೊದಲೇ ಲಿಖಿತ ಆರ್ಡರ್ ತೆಗೆದುಕೊಂಡು ಟ್ರೇ ಸಿದ್ಧ ಇಟ್ಟಿರಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ (ಸಕ್ಕರೆ ಇಳಿಸುವ ಗುಳಿಗೆ) ನುಂಗುವವರು ರಾತ್ರಿ ಊಟ ಬಿಟ್ಟರೆ ಅವರ ಸಕ್ಕರೆಯನ್ನು ನಡುರಾತ್ರಿ ಇನ್ನೊಮ್ಮೆ ನೋಡಲೇಬೇಕು, ಸಕ್ಕರೆ ಕೊಟ್ಟು ಒಮ್ಮೆ ಏರಿಸಿದ್ದರೂ ಮತ್ತೆ ಇಳಿಯಬಹುದು.

ನಮ್ಮ ಏಪ್ರಿಲ್, ಮೇ ಬಿಸಿಲು 42 ದಾಟುತ್ತದೆ. ಬಳಸುತ್ತಿರುವ ವಯಲ್ 30 ಡಿಗ್ರಿ ಮೀರಬಾರದು, ತೆರೆದು 28 ದಿನವಾದರೆ ಎಸೆಯಬೇಕು. ತೆರೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆಯಿರಿ. ಫ್ರೀಜರ್‌ಗೆ ಇಡಬೇಡಿ, ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು.

ಟ್ಯೂಬಿನಲ್ಲಿ ಕೊಡಲು ಎಲ್ಲ ಗುಳಿಗೆ ಪುಡಿ ಮಾಡುವಂತಿಲ್ಲ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್, ಇಆರ್ (ನಿಧಾನವಾಗಿ ಕರಗುವ ಗುಳಿಗೆ) ಇದ್ದರೆ ನಿಲ್ಲಿಸಿ, ಬೇರೆ ರೂಪ ಕೇಳಿ. ಪುಡಿ ಮಾಡಿದರೆ ಇಡೀ ದಿನದ್ದು ಒಮ್ಮೆಲೇ ಇಳಿಯುತ್ತದೆ. ಫೀಡಿನ (ಟ್ಯೂಬಿನಲ್ಲಿ ಬಿಡುವ ಆಹಾರದ) ಮೊದಲೂ ನಂತರವೂ 30 ಎಂಎಲ್ ನೀರು ಬಿಡಿ. ಜೋಳದ ಗಂಜಿಯನ್ನು ಬಟ್ಟೆಯಲ್ಲಿ ಸೋಸದಿದ್ದರೆ ಟ್ಯೂಬ್ ಕಟ್ಟಿಕೊಳ್ಳುವುದು ಖಂಡಿತ. ತಲೆ ಕಡೆ 30ರಿಂದ 45 ಡಿಗ್ರಿ ಏರಿಸಿ, ಫೀಡ್ ಆಗಿ ಒಂದು ತಾಸು ಹಾಗೇ ಇರಲಿ.

ಹಿರಿಯ ನರ್ಸ್, ಯಾದಗಿರಿ

ಫೋನಿನ ಬಗ್ಗೆ. ‘ಸರ್, ಅಜ್ಜಿ ಯಾಕೋ ಸರಿ ಇಲ್ರಿ’ ಅಂದ್ರ ಯಾವ ಡಾಕ್ಟರಿಗೂ ಏನೂ ತಿಳಿಯಂಗಿಲ್ಲ. ಫೈಲ್ ಕೈಯಾಗ ಹಿಡಿದು ಹಿಂಗ ಹೇಳ್ರಿ: ‘82 ವರ್ಷದ ಅಮ್ಮ, ಸಕ್ಕರಿ ರೋಗ, ಕ್ಯಾಥೆಟರ್ ಅದ. ರಾತ್ರಿ 11ರಿಂದ ಗುರುತು ಹಿಡೀವಲ್ರು, ನಿನ್ನಿ ಸರಿ ಇದ್ರು. ಉಸಿರು ನಿಮಿಷಕ್ಕ 28, ಬಿಪಿ 94/60, ದಿನಾ 130 ಇರ್ತದ. ಸಕ್ಕರಿ 160. ಮೂತ್ರ 4 ತಾಸಿಗೆ 60 ಎಂಎಲ್, ಕದಡಿದಂಗ ಅದ. ಸೋಂಕು ಅನಸ್ತದ, ಆಸ್ಪತ್ರಿಗೆ ಕಳಿಸಲೇನ್ರಿ?’ ಅವರು ಹೇಳಿದ್ದು ಬರ್ಕೊಂಡು, ತಿರುಗಿ ಓದಿ ಹೇಳ್ರಿ. ಟೈಮ್ ಹಾಕ್ರಿ, ಮರುದಿನ ಸಹಿ ತಗೊರಿ.

ಬಾಯಿ ಸೊಟ್ಟ ಆದ್ರ, ಒಂದ್ ಕೈ ಬಿದ್ರ, ಮಾತು ತೊದಲಿದ್ರ ಅದು ಲಕ್ವಾ ಇರಬಹುದು, ಡಾಕ್ಟರ್ ಫೋನ್ ಎತ್ತಲಿ ಅಂತ ಕಾಯಬ್ಯಾಡ್ರಿ, 108 ಮೊದಲು. ಆಸ್ಪತ್ರಿಯವರು ಕೇಳೋ ಮೊದಲ ಮಾತು, ಕೊನಿಗೆ ಸರಿ ಇದ್ದದ್ದು ಎಷ್ಟು ಗಂಟೆಕ್ಕ ನೋಡೀರಿ ಅಂತ. ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಗಡುವು ಅದ. ಮಗ್ಗಲು ಚಾರ್ಟಿನಾಗ ನೀವು ಬರೆದ ಟೈಮೇ ಅಲ್ಲಿ ಕೆಲಸಕ್ಕ ಬರ್ತದ. ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋರು ಬಿದ್ದು ತಲಿಗೆ ಪೆಟ್ಟಾದ್ರ, ಆರಾಮ ಕಂಡ್ರೂ ಕಳಿಸ್ರಿ.

ಇನ್ನ ಆಯಾಗಳು. ಮೊದಲ ವಾರ ಅವರಿಗೆ ಕೇಳ್ರಿ, ಹೇಳಬ್ಯಾಡ್ರಿ: ‘ಮೌಶಿ, ಈ ಅಜ್ಜ ಇವತ್ತು ಹೆಂಗ ಕಾಣ್ತಾರ?’ ಮೈ ತೊಳಿಯೋರು ಅವರು, ಚರ್ಮ ಬದಲಾದದ್ದು ಮೊದಲು ಅವರಿಗೇ ಗೊತ್ತಾಗ್ತದ. ಎಣ್ಣಿ ತಿಕ್ಕಬ್ಯಾಡ್ರಿ ಅಂತ ಬರೇ ಹೇಳಿದ್ರ ನಡಿಯಂಗಿಲ್ಲ, ಬೆರಳೊತ್ತಿ ತೋರಿಸ್ರಿ. ಚಾರ್ಟ್ ಆಫೀಸಿನಾಗ ಇಟ್ರ ಮುಂಜಾನಿ 6ಕ್ಕ ಒಮ್ಮೆಲೇ ತುಂಬ್ತಾರ, ಹಾಸಿಗಿಗೇ ಕಟ್ರಿ. ಓದಾಕ ಬರದವರಿಗೆ ಎಡ, ಬಲ, ಬೆನ್ನು ಅಂತ ಮೂರು ಚಿತ್ರ ಮಾಡಿ ಗೆರಿ ಹೊಡಿಸ್ರಿ. ರಾತ್ರಿ 2ರ ಸುತ್ತು ನೀವೂ ಜೊತಿಗೆ ಹೋಗಿ ಕೈ ಹಚ್ಚ್ರಿ. ಮಗ್ಗಲು, ಸ್ವಚ್ಛತಾ, ಬಾಯಿಂದ ಉಣ್ಣಿಸೋದು, ಮೂತ್ರ ಅಳತಿ ಮಾಡೋದು ಅವರಿಗೆ ಕೊಡಬಹುದು. ಟ್ಯೂಬ್ ಫೀಡ್, ಇನ್ಸುಲಿನ್, ಗುಳಿಗಿ ಎಷ್ಟೇ ಗಡಿಬಿಡಿ ಇದ್ರೂ ನಿಮ್ಮ ಕೈಯಾಗೇ ಇರಬೇಕು.

ಹೊಸ ಸಿಸ್ಟರ್, ಕಲಬುರಗಿ

ಎಲ್ಲಾರಿಗೂ ಭಾಳ ಉಪಕಾರ ಆತ್ರೀ. ಇನ್ನೊಂದು ಕೇಳ್ತೀನಿ. ರಾತ್ರಿ 3ಕ್ಕ ರೈಲ್ಸ್ ಟ್ಯೂಬ್ ಕಿತ್ಕೊಂಡ್ರ ಏನ್ ಮಾಡಬೇಕು?

ನರ್ಸಿಂಗ್ ಟ್ಯೂಟರ್, ಕಲಬುರಗಿ

ಅವಸರ ಬೇಡ, ಒಂದು ಫೀಡ್ ತಪ್ಪಿದರೆ ದೊಡ್ಡದಲ್ಲ. ಆರ್ಡರ್ ಇದ್ದು ಹೊಸದು ಹಾಕಿದರೆ, ಒಳಗಿಂದ ಎಳೆದ ದ್ರವದ ಪಿಎಚ್ (ಆಮ್ಲದ ಅಳತೆ, ಆಮ್ಲ ಹೆಚ್ಚಿದ್ದಷ್ಟು ಅಂಕಿ ಕಡಿಮೆ) 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಗಾಳಿ ಬಿಟ್ಟು ಸ್ಟೆತಸ್ಕೋಪ್‌ನಲ್ಲಿ ಕೇಳಿದ್ದನ್ನು ನಂಬಬೇಡಿ, ಶ್ವಾಸಕೋಶದಲ್ಲಿದ್ದರೂ ಅದೇ ಸದ್ದು ಬರುತ್ತದೆ. ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವ ಔಷಧ) ತೆಗೆದುಕೊಳ್ಳುವವರಲ್ಲಿ ಪಿಎಚ್ ಹೆಚ್ಚೇ ಇರಬಹುದು, ಅಂಥವರಿಗೆ ಎಕ್ಸ್‌ರೇ ಆಗುವ ತನಕ ಟ್ಯೂಬಿಗೆ ನೀರೂ ಬಿಡಬಾರದು. ಆದರೆ ರಾತ್ರಿ ಇನ್ಸುಲಿನ್ ಕೊಟ್ಟವರಾದರೆ ಕೂಡಲೇ ಸಕ್ಕರೆ ನೋಡಿ, ಡಾಕ್ಟರಿಗೆ ತಿಳಿಸಿ, ಬೆಳಗಿನ ತನಕ ತಾಸಿಗೊಮ್ಮೆ ನೋಡುತ್ತಿರಿ.