ಒಂದೇ ಮಾಡೆಲ್‌ನ ಎರಡು ಮೆಟಲ್ ಡಿಟೆಕ್ಟರ್: ಒಂದು ಹಿಡಿಯುತ್ತೆ, ಇನ್ನೊಂದು ಬಿಡುತ್ತೆ, ಯಾಕೆ?

ಪ್ರಶ್ನೆ (ಬ್ಯಾಡಗಿ ಹತ್ತಿರದ ಮಸಾಲೆ ಘಟಕ):
ನಮಸ್ಕಾರ ಸರ್. ನಮ್ಮಲ್ಲಿ ಖಾರದ ಪುಡಿ ಪ್ಯಾಕಿಂಗಿಗೆ ಎರಡು ಲೈನ್ ಅದಾವ್ರಿ. ಎರಡಕ್ಕೂ ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಮೆಟಲ್ ಡಿಟೆಕ್ಟರ್, ಒಂದೇ ಲಾರಿಯಾಗ ಬಂದವು. ಮೊದಲನೇದು 2 ಎಂಎಂ ಸ್ಟೇನ್‌ಲೆಸ್ ಸ್ಟೀಲ್ ಟೆಸ್ಟ್ ಪೀಸ್ (ಅಳತೆಯ ಲೋಹದ ಗುಂಡು ಕೂರಿಸಿದ ಸ್ಟಿಕ್) ಪ್ರತಿ ಸಲ ಹಿಡೀತೈತಿ. ಎರಡನೇದು ಹತ್ತು ಸಲ ಬಿಟ್ರ ಮೂರು ಸಲ ಹಂಗ ದಾಟಿಸಿಬಿಡ್ತೈತಿ. ಮ್ಯಾಲೆ ಒಳ್ಳೆ ಪ್ಯಾಕೆಟ್ಟನ್ನೂ ಸುಮ್ಮಸುಮ್ಮನ ರಿಜೆಕ್ಟ್ ಮಾಡ್ತೈತಿ. ಮೊದಲನೇದರ ಸೆಟ್ಟಿಂಗ್ ನಂಬರ್‌ಗಳನ್ನ ಎರಡನೇದಕ್ಕೂ ಹಾಕಿ ನೋಡಿದ್ವಿ, ಉಪಯೋಗ ಆಗಲಿಲ್ಲ. ಸಪ್ಲೈ ಮಾಡಿದವರು ಮಷಿನ್ ಸರಿ ಐತಿ ಅಂತಾರ. ವಾಪಸ್ ಕಳಿಸಬೇಕೇನ್ರಿ?

ಉತ್ತರ (ಡಿಟೆಕ್ಟರ್ ಇನ್‌ಸ್ಟಾಲೇಷನ್, ಸರ್ವಿಸ್ ಕೆಲಸ ನನ್ನದು):
ಈಗಲೇ ಕಳಿಸಬೇಡಿ ಸರ್. ಮೊದಲು ಎರಡೂ ಮಷಿನ್‌ಗಳ ನೇಮ್ ಪ್ಲೇಟ್ ಅಕ್ಕಪಕ್ಕ ಇಟ್ಟು ಓದಿ. ಹೊರಗಿನ ಮಾಡೆಲ್ ಹೆಸರು ಒಂದೇ ಇದ್ದರೂ, ಪ್ಯಾಕೆಟ್ ಒಳಗೆ ಹೋಗೋ ಕಿಂಡಿಯ ಎತ್ತರ, ಅಗಲ ಮತ್ತು ಕೆಲಸ ಮಾಡೋ ಫ್ರೀಕ್ವೆನ್ಸಿ ಬೇರೆ ಬೇರೆ ಇರೋದುಂಟು. ಕಿಂಡಿ ದೊಡ್ಡದಾದಷ್ಟೂ ಸಣ್ಣ ಚೂರು ಹಿಡಿಯೋ ಶಕ್ತಿ ಕಮ್ಮಿ. ಒಣ ಪದಾರ್ಥಕ್ಕೆ ಹೆಚ್ಚಿನ ಫ್ರೀಕ್ವೆನ್ಸಿ, ಹಸಿ ಪದಾರ್ಥಕ್ಕೆ ಕಡಿಮೆ ಫ್ರೀಕ್ವೆನ್ಸಿ ಕೊಡ್ತಾರೆ. ಇವೆಲ್ಲ ಎರಡರಲ್ಲೂ ಒಂದೇ ಇದ್ದರೆ ಮುಂದಿನ ಮಾತು.

ಹೆಡ್ ಅಂದರೆ ಕಿಂಡಿ ಇರೋ ಪೆಟ್ಟಿಗೆ, ಅದರೊಳಗೆ ಮೂರು ಕಾಯಿಲ್ (ತಂತಿ ಸುರುಳಿ) ಇರುತ್ತೆ. ನಡುವಿನದು ಸಿಗ್ನಲ್ ಬಿಡುತ್ತೆ, ಆಚೆ ಈಚೆ ಸಮ ದೂರದಲ್ಲಿರೋ ಎರಡು ಅದನ್ನ ತಗೊಳ್ತವೆ. ಆ ಎರಡನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರೋದರಿಂದ, ಲೋಹ ಇಲ್ಲದಾಗ ತಕ್ಕಡಿಯ ತಟ್ಟೆಗಳ ಹಾಗೆ ಸಮ ನಿಲ್ತವೆ. ಚೂರು ಬಂದಾಗ ಆ ಸಮ ತಪ್ಪುತ್ತೆ, ಮಷಿನ್ ನೋಡೋದು ಆ ಬಹಳ ಸಣ್ಣ ವ್ಯತ್ಯಾಸವನ್ನ. ಕಾಯಿಲ್ ಸುತ್ತೋದರಲ್ಲಿ, ಅದರ ಸುತ್ತ ತುಂಬೋ ರೆಸಿನ್ ಗಟ್ಟಿಯಾಗೋದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಅದಕ್ಕೇ ಫ್ಯಾಕ್ಟರಿಯಲ್ಲಿ ಪ್ರತಿ ಹೆಡ್ಡನ್ನೂ ಪ್ರತ್ಯೇಕವಾಗಿ ಬ್ಯಾಲೆನ್ಸ್ ಮಾಡ್ತಾರೆ. ಪರದೆ ಮೇಲಿನ 'ಸೆನ್ಸಿಟಿವಿಟಿ 85' ಅನ್ನೋದು ಆ ಒಂದು ಮಷಿನ್ನಿನ ಒಳಲೆಕ್ಕ. ಒಂದರ 85 ಇನ್ನೊಂದರ 85ಕ್ಕೆ ಸಮ ಆಗಬೇಕಿಲ್ಲ. ಎರಡಕ್ಕೂ ಸಮ ಇರಬೇಕಾದ್ದು ಹಿಡಿಯೋ ಗುಂಡಿನ ಗಾತ್ರ. ಹಾಗಾಗಿ ನಂಬರ್ ಕಾಪಿ ಮಾಡೋದನ್ನ ಬಿಡಿ. ಎರಡನೇ ಮಷಿನ್‌ಗೆ ನಿಮ್ಮ ಪ್ಯಾಕೆಟ್ ಹಾಯಿಸಿ ಹೊಸದಾಗಿ ಪ್ರಾಡಕ್ಟ್ ಲರ್ನ್ ಮಾಡಿಸಿ (ನಿಮ್ಮ ಪದಾರ್ಥದ ಸಿಗ್ನಲ್ಲನ್ನ ಕಡೆಗಣಿಸೋಕೆ ಮಷಿನ್‌ಗೆ ಕಲಿಸೋದು), ಟೆಸ್ಟ್ ಪೀಸ್ ಹಿಡಿಯೋ ತನಕ ಅಲ್ಲೇ ಹೊಂದಿಸಿ.

ಆದರೂ ನಿಮ್ಮ ಕೇಸಲ್ಲಿ ನನ್ನ ಅನುಮಾನ ಹೆಡ್ ಮೇಲಿಲ್ಲ. ಚೂರನ್ನೂ ಬಿಡುತ್ತೆ, ಒಳ್ಳೆ ಪ್ಯಾಕೆಟ್ಟನ್ನೂ ತಳ್ಳುತ್ತೆ ಅಂದರೆ ಎಲ್ಲಿಂದಲೋ ನಾಯ್ಸ್ (ಬೇಡದ ಸಿಗ್ನಲ್) ಬರ್ತಿದೆ. ಹೀಗೆ ನೋಡಿ: ಬೆಲ್ಟ್ ನಿಲ್ಲಿಸಿ, ಪರದೆಯ ಸಿಗ್ನಲ್ ಬಾರ್ ಮೇಲೆ ಕಣ್ಣಿಡಿ. ನಿಂತಾಗಲೂ ಕುಣೀತಿದ್ದರೆ ತೊಂದರೆ ಕರೆಂಟಿನ ಕಡೆಯದ್ದು: ಅರ್ಥಿಂಗ್, ಹತ್ತಿರ ಹಾದುಹೋಗೋ ಮೋಟರ್ ಡ್ರೈವ್‌ನ ಕೇಬಲ್, ಅದೇ ಲೈನಿಂದ ಕರೆಂಟ್ ತಗೊಳ್ಳೋ ಸೀಲಿಂಗ್ ಮಷಿನ್. ನಿಂತಾಗ ಸುಮ್ಮನಿದ್ದು ಖಾಲಿ ಬೆಲ್ಟ್ ಓಡಿದಾಗ ಕುಣಿದರೆ ಬೆಲ್ಟ್ ಅಥವಾ ಫ್ರೇಮ್. ಖಾಲಿ ಬೆಲ್ಟಲ್ಲೂ ಸುಮ್ಮನಿದ್ದು ಪ್ಯಾಕೆಟ್ ಬಂದಾಗ ಮಾತ್ರ ಏರಿದರೆ ಆಗ ಪುಡಿಯ ವಿಷಯ. ಇಷ್ಟಾದ ಮೇಲೂ ಗೊತ್ತಾಗದಿದ್ದರೆ ಎರಡೂ ಹೆಡ್ ಅದಲುಬದಲು ಮಾಡಿ ಲರ್ನ್ ಮಾಡಿಸಿ. ತೊಂದರೆ ಹೆಡ್ ಜೊತೆ ಮೊದಲನೇ ಲೈನಿಗೆ ಬಂದರೆ ಮಷಿನ್ ವಾಪಸ್ ಕಳಿಸಿ, ಎರಡನೇ ಲೈನಲ್ಲೇ ಉಳಿದರೆ ಮಷಿನ್‌ದು ತಪ್ಪಿಲ್ಲ.

ಪ್ರಶ್ನೆ (ಕಾರ್ಕಳದ ಗೇರುಬೀಜ ಫ್ಯಾಕ್ಟರಿ, ಕ್ವಾಲಿಟಿ ವಿಭಾಗ):
ಸರ್, ನಮ್ಮಲ್ಲಿಯೂ ಒಂದೇ ಮಾಡೆಲ್‌ನ ಎರಡು ಉಂಟು. ಟೆಸ್ಟ್ ಮಾಡುವವರು ಬದಲಾದರೆ ರಿಸಲ್ಟೂ ಬದಲಾಗುತ್ತದೆ. ಒಬ್ಬರು ಮಾಡಿದರೆ ಎರಡೂ ಪಾಸ್, ಇನ್ನೊಬ್ಬರು ಮಾಡಿದರೆ ಒಂದು ಫೇಲ್. ಇನ್ನೊಂದು, 2 ಎಂಎಂ ಗುಂಡು ಹಿಡಿಯುವ ಮಷಿನ್ ಜರಡಿಯ ತುಂಡು ತಂತಿಯನ್ನು ಬಿಟ್ಟದ್ದು ಹೇಗೆ? ತಂತಿ ಗುಂಡಿಗಿಂತ ಉದ್ದ ಇತ್ತು.

ಉತ್ತರ:
ಮೇಡಂ, ಟೆಸ್ಟ್ ಪೀಸ್ ಕಿಂಡಿಯಲ್ಲಿ ಎಲ್ಲಿ ಹಾದುಹೋಗುತ್ತೆ ಅನ್ನೋದರಿಂದಲೇ ರಿಸಲ್ಟ್ ಬದಲಾಗುತ್ತೆ. ಗೋಡೆ, ಮೂಲೆ ಹತ್ತಿರ ಮಷಿನ್ ಚುರುಕು, ಕಿಂಡಿಯ ನಟ್ಟನಡುವೆ ಅತಿ ಮಂದ. ಒಬ್ಬರು ಸ್ಟಿಕ್ಕನ್ನ ಬೆಲ್ಟ್ ಮೇಲೆ ಅಂಚಿಗಿಟ್ಟು ಬಿಡ್ತಾರೆ, ಇನ್ನೊಬ್ಬರು ಪ್ಯಾಕ್ ಮೇಲಿಟ್ಟು ನಡುವೆ ಬಿಡ್ತಾರೆ. ನಿಜವಾದ ಪರೀಕ್ಷೆ ಎರಡನೆಯವರದ್ದು. ಕಿಂಡಿಯ ಮಧ್ಯಕ್ಕೆ ಆದಷ್ಟು ಹತ್ತಿರ ಹೋಗೋ ಹಾಗೆ, ಪದಾರ್ಥದ ಜೊತೆಗೇ, ಪ್ಯಾಕಿನ ಮುಂದೆ, ನಡುವೆ, ಹಿಂದೆ ಇಟ್ಟು ಬಿಡಬೇಕು. ಎರಡು ಮಷಿನ್ ಹೋಲಿಸೋವಾಗ ಒಂದೇ ಸ್ಟಿಕ್ ಬಳಸಿ. ಒಂದು ಲೈನಿನ ಸ್ಟಿಕ್ಕಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಇನ್ನೊಂದರಲ್ಲಿ 316 ದರ್ಜೆಯದ್ದು ಇದ್ದರೆ ಹೋಲಿಕೆಯೇ ಸರಿಯಾಗಲ್ಲ.

ತಂತಿಯ ಪ್ರಶ್ನೆ ನೀವು ಕೇಳಿದ್ದು ಬಹಳ ಒಳ್ಳೇದಾಯ್ತು. ಗುಂಡು ಯಾವ ಕಡೆಯಿಂದ ನೋಡಿದರೂ ಒಂದೇ, ತಂತಿ ಹಾಗಲ್ಲ. ಕಬ್ಬಿಣದ ತಂತಿ ಬೆಲ್ಟ್ ಓಡೋ ದಿಕ್ಕಿಗೇ ಉದ್ದಕ್ಕೆ ಮಲಗಿದ್ದರೆ ಸುಲಭವಾಗಿ ಸಿಗುತ್ತೆ, ಅಡ್ಡ ಮಲಗಿದ್ದರೆ ತಪ್ಪಿಸಿಕೊಳ್ಳುತ್ತೆ. ಸ್ಟೇನ್‌ಲೆಸ್ ಸ್ಟೀಲ್, ತಾಮ್ರಕ್ಕೆ ಇದು ತಿರುವುಮುರುವು: ಅಡ್ಡ ಇದ್ದರೆ ಸಿಗುತ್ತೆ, ಉದ್ದಕ್ಕೆ ಇದ್ದರೆ ಕಷ್ಟ. ತಂತಿಯ ದಪ್ಪ ಮಷಿನ್ ಹಿಡಿಯೋ ಗುಂಡಿನ ಗಾತ್ರಕ್ಕಿಂತ ಕಮ್ಮಿ ಇದ್ದಾಗಲೆಲ್ಲ ಈ ಅಪಾಯ ಇದ್ದೇ ಇದೆ, ಜರಡಿಯ ತಂತಿ ಅಂತೂ ಬಹಳ ತೆಳು. ಡಿಟೆಕ್ಟರ್ ಇದೆಯಲ್ಲ ಅಂತ ಜರಡಿ ನೋಡೋದನ್ನ ಬಿಡಬೇಡಿ. ಪ್ರತಿ ಶಿಫ್ಟ್ ಮುಗಿದಾಗ ಬಲೆಯನ್ನ ಬೆಳಕಿಗೆ ಹಿಡಿದು ನೋಡಿ. ಹರಿದಿದ್ದರೆ ಕಿತ್ತ ತುಂಡು ಕೈಗೆ ಸಿಗೋ ತನಕ ಆ ಬ್ಯಾಚ್ ಹೊರಗೆ ಹೋಗಕೂಡದು.

ಮರುಪ್ರಶ್ನೆ (ಬ್ಯಾಡಗಿ):
ನೇಮ್ ಪ್ಲೇಟ್ ಎರಡೂ ಒಂದೇ ಅದಾವ್ರಿ ಸರ್. ಬೆಲ್ಟ್ ನಿಂತಾಗ ಬಾರ್ ಸುಮ್ಮನ ಇರ್ತೈತಿ, ಖಾಲಿ ಬೆಲ್ಟ್ ಓಡಿಸಿದ್ರ ಅವಾಗವಾಗ ಜಿಗೀತೈತಿ. ಹೆಡ್ ಬದಲಿ ಮಾಡಿದ್ವಿ, ತೊಂದರೆ ಎರಡನೇ ಲೈನಿನ್ಯಾಗ ಉಳೀತು. ಈಗ ಏನ್ ನೋಡಬೇಕ್ರಿ?

ಉತ್ತರ:
ಹಾಗಾದ್ರೆ ಕನ್ವೇಯರ್ ಬಿಚ್ಚಿ ನೋಡಬೇಕು ಸರ್. ಬಾರ್ ಎಷ್ಟೆಷ್ಟು ಹೊತ್ತಿಗೆ ಜಿಗಿಯುತ್ತೆ ಗಮನಿಸಿ. ಬೆಲ್ಟಿನ ಜೋಡಣೆ ಕಿಂಡಿ ದಾಟೋ ಹೊತ್ತಿಗೇ ಸರಿಯಾಗಿ ಜಿಗಿದರೆ ಕಾರಣ ಆ ಜಾಯಿಂಟ್, ಅಥವಾ ಅಲ್ಲಿ ಸಿಕ್ಕಿಕೊಂಡ ಲೋಹದ ಕಣ. ಇತ್ತೀಚೆಗೆ ಬೆಲ್ಟ್ ಬದಲಾಯಿಸಿದ್ದರೆ ಹೊಸದು ಕಾರ್ಬನ್ ಸೇರಿಸಿದ ಆಂಟಿ ಸ್ಟ್ಯಾಟಿಕ್ ಬೆಲ್ಟಾ ಕೇಳಿ, ಅದನ್ನ ಡಿಟೆಕ್ಟರ್ ಒಳಗೆ ಓಡಿಸಬಾರದು.

ಲೆಕ್ಕ ಇಲ್ಲದೆ ಜಿಗಿದರೆ ಫ್ರೇಮ್ ನೋಡಿ. ಎರಡು ಬದಿಯ ಚಾನೆಲ್, ನಡುವೆ ಅಡ್ಡಪಟ್ಟಿ, ರೋಲರ್, ಇವೆಲ್ಲ ಸೇರಿ ಕರೆಂಟ್ ಸುತ್ತೋಕೆ ಒಂದು ವರ್ತುಲ ಆಗುತ್ತೆ. ಎಲ್ಲೋ ಒಂದು ಬೋಲ್ಟ್ ಸಡಿಲ ಇದ್ದರೆ ಅದುರಿದಾಗಲೆಲ್ಲ ಆ ವರ್ತುಲ ಕೂಡುತ್ತೆ, ಬಿಡುತ್ತೆ. ಕಾಯಿಲ್‌ಗೆ ಅದು ಲೋಹ ಹಾದುಹೋದ ಹಾಗೇ ಕಾಣುತ್ತೆ. ಬೆಲ್ಟ್ ಓಡ್ತಿರುವಾಗ ಮರದ ಕೋಲಿಂದ ಫ್ರೇಮಿನ ಒಂದೊಂದು ಜಾಗ ಮೆಲ್ಲಗೆ ತಟ್ಟಿ. ಎಲ್ಲಿ ತಟ್ಟಿದಾಗ ಬಾರ್ ಏರುತ್ತೋ ಅಲ್ಲೇ ಇದೆ. ಅಡ್ಡಪಟ್ಟಿಗಳನ್ನ ಪೂರ್ತಿ ವೆಲ್ಡ್ ಮಾಡಿಸಿ, ಇಲ್ಲವೇ ಒಂದು ಬದಿಗೆ ನೈಲಾನ್ ಬುಷ್, ವಾಷರ್ ಹಾಕಿ ಕರೆಂಟ್ ದಾಟದ ಹಾಗೆ ಬೇರ್ಪಡಿಸಿ. ಅರೆಬರೆ ಸಂಪರ್ಕ ಮಾತ್ರ ಎಲ್ಲೂ ಉಳಿಯಬಾರದು. ವೆಲ್ಡ್ ಮಾಡಿಸೋವಾಗ ಹೆಡ್ಡನ್ನ ಕನ್ವೇಯರಿಂದ ಕೆಳಗಿಳಿಸಿಯೇ ಮಾಡಿಸಿ.

ಹೆಡ್ ಸುತ್ತ ಖಾಲಿ ಜಾಗ ಎಷ್ಟು ಬಿಟ್ಟಿದ್ದಾರೆ ಅಂತಲೂ ಅಳೆಯಿರಿ. ರೂಢಿಯ ಲೆಕ್ಕ ಹೀಗೆ: ಅಲುಗಾಡದ ಲೋಹ ಕಿಂಡಿಯ ಎತ್ತರದ ಒಂದೂವರೆ ಪಟ್ಟು ದೂರ, ಅಲುಗಾಡೋ ಲೋಹ ಎರಡು ಪಟ್ಟು ದೂರ ಇರಬೇಕು. ಕಿಂಡಿ 150 ಎಂಎಂ ಎತ್ತರ ಇದ್ದರೆ ಕ್ರಮವಾಗಿ 225, 300 ಎಂಎಂ. ಜಾಗ ಸಾಲದು ಅಂತ ಎರಡನೇ ಲೈನನ್ನ ಒತ್ತೊತ್ತಾಗಿ ಕೂರಿಸೋದು ಎಲ್ಲ ಕಡೆ ನೋಡೋ ವಿಷಯ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಎರಡನೇ ಲೈನಲ್ಲಿ ಟೆಸ್ಟ್ ಪೀಸನ್ನ ಮಷಿನ್ ಕೊನೇ ಸಲ ಸರಿಯಾಗಿ ಹಿಡಿದ ಮೇಲೆ ಪ್ಯಾಕ್ ಆದ ಮಾಲು ಎಲ್ಲಿದೆ? ಗೋಡೌನಲ್ಲಿದ್ದರೆ ಹಾಗೇ ತಡೆಹಿಡಿದು, ಪ್ರತಿ ಪ್ಯಾಕೆಟ್ಟನ್ನೂ ಮೊದಲನೇ ಲೈನಿನ ಮೇಲೆ ಮತ್ತೆ ಹಾಯಿಸಿ. ಪುಡಿ ಮಾಡೋ ಮಷಿನ್ನಿನ ಸುತ್ತಿಗೆ ಸವೆದು ಬರೋ ಚೂರು ತಿನ್ನೋರ ಬಾಯಿಗೆ ಹೋಗುತ್ತೆ, ಅದರಲ್ಲಿ ಮಕ್ಕಳೂ ಇರ್ತಾರೆ. ಎರಡು ದಿನ ಡಿಸ್ಪ್ಯಾಚ್ ತಡ ಆದರೂ ಪರವಾಗಿಲ್ಲ, ದಯವಿಟ್ಟು ಇದನ್ನ ಮಾಡಿ.

ಪ್ರಶ್ನೆ (ಶಿರಸಿ, ಉಪ್ಪಿನಕಾಯಿ ಗೃಹೋದ್ಯಮ):
ನಮ್ಮ ಪರಿಚಯದ ಹಪ್ಪಳದವರ ಹತ್ತಿರ ಇರೋದೂ ನಮ್ಮದೇ ಮಾಡೆಲ್. ಅವರಲ್ಲಿ 1.5 ಎಂಎಂ ಸ್ಟೀಲ್ ಹಿಡೀತದೆ. ನಮ್ಮಲ್ಲಿ ಮಿಡಿ ಉಪ್ಪಿನಕಾಯಿ ಪೌಚಿಗೆ 3 ಎಂಎಂ ಕೂಡ ಸರಿಯಾಗಿ ಹಿಡಿಯೋದಿಲ್ಲ. ನಮಗೆ ಕಳಪೆ ಪೀಸ್ ಕೊಟ್ಟಿದ್ದಾರಾ?

ಉತ್ತರ:
ಕಳಪೆ ಕೊಟ್ಟಿದ್ದಾರೆ ಅಂತ ಇಷ್ಟರಿಂದಲೇ ಹೇಳೋಕಾಗಲ್ಲ. ಒಣ ಹಪ್ಪಳ ಡಿಟೆಕ್ಟರ್‌ಗೆ ಬಹುಮಟ್ಟಿಗೆ ಖಾಲಿ ಜಾಗ ಇದ್ದಂತೆ. ಉಪ್ಪು ನೀರು ತುಂಬಿದ ಮಿಡಿ ಸ್ವತಃ ಕರೆಂಟ್ ಹರಿಸುತ್ತೆ, ಅದರ ಸಿಗ್ನಲ್ ಸ್ಟೇನ್‌ಲೆಸ್ ಸ್ಟೀಲಿನ ಸಿಗ್ನಲ್‌ಗೆ ಹತ್ತಿರ. ಪೌಚಿನ ಆ ದೊಡ್ಡ ಸಿಗ್ನಲ್ಲನ್ನ ಕಡೆಗಣಿಸು ಅಂತ ಮಷಿನ್‌ಗೆ ಕಲಿಸಿದಾಗ ಸಣ್ಣ ಸ್ಟೀಲ್ ಚೂರೂ ಅದರ ಜೊತೆಗೇ ಮರೆಯಾಗುತ್ತೆ. ಉಪ್ಪಿನ ಪ್ರಮಾಣ, ತೂಕ, ಬಿಸಿ, ಪೌಚ್ ಮಲಗೋ ರೀತಿ ಬದಲಾದರೂ ಸಿಗ್ನಲ್ ಬದಲಾಗುತ್ತೆ. ಬಿಸಿ ಇದ್ದಾಗ ಲರ್ನ್ ಮಾಡಿಸಿ ತಣ್ಣಗಾದ ಮೇಲೆ ಓಡಿಸಬೇಡಿ. ಮಷಿನ್ ಸರಿ ಇದೆಯಾ ತಿಳಿಯೋಕೆ ಉಪ್ಪಿನಕಾಯಿ ಇಲ್ಲದೆ, ಬರೀ ಸ್ಟಿಕ್ ಬಿಟ್ಟು ಎರಡೂ ಕಡೆ ಹೋಲಿಸಿ.

ಪೌಚ್ ಒಂದನ್ನ ಕತ್ತರಿಸಿ ಒಳಪದರವನ್ನೂ ನೋಡಿ. ಅಲ್ಯೂಮಿನಿಯಂ ಫಾಯಿಲ್ ಇದ್ದರೆ ಈ ಮಾದರಿಯ ಡಿಟೆಕ್ಟರ್ ಪ್ಯಾಕ್ ಆದ ಮೇಲೆ ಕೆಲಸಕ್ಕೆ ಬರಲ್ಲ. ಆಗ ಎಕ್ಸ್‌ರೇ ಮಷಿನ್ ಬೇಕು, ಅದು ದುಬಾರಿ. ನಿಮ್ಮ ಗಾತ್ರದ ಉದ್ಯಮಕ್ಕೆ ನಾನು ಹೇಳೋದು ತುಂಬೋ ಮುಂಚೆಯೇ ಪರೀಕ್ಷೆ ಮಾಡೋದನ್ನ: ಮಸಾಲೆ ಪುಡಿಯನ್ನ ಒಣಗಿದ್ದಾಗಲೇ ಡಿಟೆಕ್ಟರ್ ಮೇಲೆ ಹಾಯಿಸಿ, ಮಿಡಿಯನ್ನ ತೆಳು ಪದರವಾಗಿ ಹರಡಿ ಬಿಡಿ. ಕತ್ತರಿಸಿದ ಪೌಚಿನ ಫೋಟೋ, ಕಿಂಡಿಯ ಅಳತೆ ಇಲ್ಲಿ ಹಾಕಿ, ಯಾವ ಗಾತ್ರದ ತನಕ ನಿರೀಕ್ಷೆ ಇಟ್ಟುಕೊಳ್ಳಬಹುದು ಅಂತ ನೋಡಿ ಹೇಳ್ತೀನಿ.